ಎಂಟನೇ ಸುತ್ತಿನ ಬಾಗಿಲು: ಒಂದು ಒಗಟುಕಥೆಯ ರಿಪೇರಿ ಪುಸ್ತಕ

“ಬಾಗಿಲು ತೆಗೆ” ಅಂತ ಟೈಪ್ ಮಾಡಿದೆ. “ಬಾಗಿಲು ಈಗ ನಿನ್ನ ಚೀಲದಲ್ಲಿದೆ” ಅಂತ ಕಂಪ್ಯೂಟರ್ ಉತ್ತರ ಕೊಟ್ಟಿತು.

ಚಿತ್ರದುರ್ಗದ ಕೋಟೆ ಬಾಗಿಲು ಅದು. ಆನೆ ಬಂದು ಗುದ್ದಿದರೂ ಜಗ್ಗಬಾರದು ಅಂತ ಮಾಡಿಸಿದ್ದು. ಅದನ್ನು ನನ್ನ ಕಥೆಯ ಹತ್ತು ವರ್ಷದ ಹುಡುಗಿ ಕಿತ್ತು ಸ್ಕೂಲ್ ಬ್ಯಾಗಿಗೆ ಹಾಕಿಕೊಂಡಿದ್ದಳು. ನಗು ಬಂತು. ಆಮೇಲೆ ತಲೆನೋವೂ ಬಂತು.

ಮೊದಲಿಂದ ಹೇಳ್ತೀನಿ. ನನ್ನದು ದುರ್ಗದಲ್ಲಿ ಚಿಕ್ಕ ಡಿಟಿಪಿ ಅಂಗಡಿ. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಅರ್ಜಿ, ಬಾಂಡು. ಆಷಾಢ ಬಂತು ಅಂದರೆ ಮದುವೆ ಇಲ್ಲ, ಮುಹೂರ್ತ ಇಲ್ಲ, ನನಗೆ ಕೆಲಸವೂ ಇಲ್ಲ. ಹೋದ ಆಷಾಢದಲ್ಲಿ ಸುಮ್ನೆ ಕೂತಿದ್ದಾಗ ಈ ಹುಚ್ಚು ಹಿಡಿಯಿತು. ಓದುಗರು ಬರೀ ಓದಬಾರದು, ಒಗಟು ಬಿಡಿಸಿದರೆ ಮಾತ್ರ ಕಥೆ ಮುಂದೆ ಹೋಗಬೇಕು. ಮೊಬೈಲಿನಲ್ಲಿ ಆಡುವಂತಿರಬೇಕು. ಕನ್ನಡದಲ್ಲಿರಬೇಕು. ಜಾಗ ಅಂತೂ ಹುಡುಕಬೇಕಾಗಿರಲಿಲ್ಲ. ಅಂಗಡಿ ಬಾಗಿಲಲ್ಲಿ ನಿಂತರೆ ಬಂಡೆ ಮೇಲಿನ ಬುರುಜು ಕಾಣುತ್ತೆ.

ಕಥೆ ಇಷ್ಟೇ. ನಮ್ಮದು ಏಳು ಸುತ್ತಿನ ಕೋಟೆ ಅಂತ ಎಲ್ಲರೂ ಎಣಿಸುತ್ತಾರೆ. ಒಬ್ಬ ಅಜ್ಜ ಮಾತ್ರ “ಎಂಟನೆಯದೂ ಒಂದಿದೆ” ಅಂತಾನೆ. ಎಲ್ಲಿ ಅಂತ ಕೇಳಿದರೆ ಹೇಳಲ್ಲ, ಮೊಮ್ಮಗಳನ್ನು ಕೋಟೆಗೆ ಕರಕೊಂಡು ಹೋಗುತ್ತಾನೆ. ಓದುವವರೇ ಆ ಮೊಮ್ಮಗಳು.

ಮೊದಲ ಮೂರು ವಾರ: ಟೈಪ್ ಮಾಡಿಸುವ ಹುಚ್ಚು

ಈ ಜಾತಿಯ ಆಟಕ್ಕೆ ಹಳೇ ವಂಶ ಇದೆ. 1970ರ ದಶಕದಲ್ಲಿ ವಿಲ್ ಕ್ರೌದರ್ ಅನ್ನುವ ಅಮೆರಿಕದ ಪ್ರೋಗ್ರಾಮರ್ ಇಂಥದ್ದೊಂದು ಬರೆದ. ಅವನಿಗೆ ಗುಹೆ ಹೊಕ್ಕು ನಕ್ಷೆ ಬರೆಯುವ ಚಟ ಇತ್ತು. ತಾನು ಓಡಾಡಿದ ಕೆಂಟಕಿಯ ಮ್ಯಾಮತ್ ಗುಹೆಯನ್ನೇ ಅಕ್ಷರದಲ್ಲಿ ಕಟ್ಟಿದ. 1977ರಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದ. ಚಿತ್ರ ಇಲ್ಲ. ಎರಡು ಪದ ಟೈಪ್ ಮಾಡಬೇಕು, ಕಂಪ್ಯೂಟರ್ ಮುಂದಿನದನ್ನು ಹೇಳುತ್ತೆ. ಅವರಿಗೊಂದು ಗುಹೆ ಇದ್ದರೆ ನಮಗೊಂದು ಕೋಟೆ ಇಲ್ವಾ? ಇದೇ ನನ್ನ ಲೆಕ್ಕ.

ಎರಡು ಪದದ ಕನ್ನಡ ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಆಮೇಲೆ. “ಬಾಗಿಲು ತೆಗೆ” ಅಂದರೆ ತೆರೆಯೋದು. “ಚೀಲದಿಂದ ಟಾರ್ಚ್ ತೆಗೆ” ಅಂದರೆ ಹೊರಗೆ ತರೋದು. “ಕಲ್ಲು ತೆಗೆ” ಅಂದರೆ ದಾರಿಯಿಂದ ಆಚೆ ಸರಿಸೋದು. “ಫೋಟೊ ತೆಗೆ” ಅಂದರೆ ಇನ್ನೇನೋ. ನಾನು ‘ತೆಗೆ’ ಅನ್ನೋದಕ್ಕೆ ಚೀಲಕ್ಕೆ ಹಾಕಿಕೊ ಅನ್ನುವ ಒಂದೇ ಅರ್ಥ ಕೊಟ್ಟಿದ್ದೆ. ಅದಕ್ಕೇ ಕೋಟೆ ಬಾಗಿಲು ಬ್ಯಾಗಿಗೆ ಹೋಯಿತು.

‘ಹಾಕು’ ಇನ್ನೂ ಘಾಟಿ. ಬಾಗಿಲು ಹಾಕು, ಬೀಗ ಹಾಕು, ದೀಪ ಹಾಕು, ನೀರು ಹಾಕು, ಚಪ್ಪಲಿ ಹಾಕು, ಕೈ ಹಾಕು. ಬಾಗಿಲು ಹಾಕಿದರೆ ಮುಚ್ಚುತ್ತೆ, ದೀಪ ಹಾಕಿದರೆ ಹತ್ತುತ್ತೆ. ಮನೆಯಲ್ಲಿ ಮೂರು ವರ್ಷದ ಮಗುವಿಗೆ ಇದು ಅರ್ಥ ಆಗುತ್ತೆ. ನನ್ನ ಪ್ರೋಗ್ರಾಮಿಗೆ ಆಗಲಿಲ್ಲ.

ಪ್ರತಿ ವಸ್ತುವಿಗೂ ಅರ್ಥ ಬೇರೆ ಬೇರೆ ಕೊಡ್ತಾ ಹೋದೆ. ಆಗ ಎದ್ದದ್ದು ವಿಭಕ್ತಿ. ಒಬ್ಬರು ಬಾಗಿಲು ಅಂತಾರೆ, ಒಬ್ಬರು ಬಾಗಿಲನ್ನು, ಒಬ್ಬರು ಬಾಗ್ಲು, ಕದ, ಗೇಟು, ದ್ವಾರ. ಕ್ರಿಯಾಪದಕ್ಕೆ ತೆಗೆ, ತೆಗಿ, ತಗಿ, ತೆರೆ, ಓಪನ್ ಮಾಡು. ಒಂದು ಬಾಗಿಲು ತೆಗೆಯೋದಕ್ಕೆ ಆರು ಐದಲ ಮೂವತ್ತು. ಪುಸ್ತಕದಲ್ಲಿ ಗೆರೆ ಹೊಡೆದು ಪಟ್ಟಿ ಮಾಡಿದೆ. ಹನ್ನೊಂದನೇ ವಸ್ತುವಿಗೆ ಬರೋ ಹೊತ್ತಿಗೆ ಪುಸ್ತಕ ಮುಚ್ಚಿಟ್ಟೆ. ಯಾರಾದರೂ ಗಟ್ಟಿಗರು ಕನ್ನಡಕ್ಕೆ ಇದನ್ನು ಮಾಡಬೇಕು. ನನ್ನ ಕೈಲಿ ಆಗಲಿಲ್ಲ.

ಟ್ವೈನ್, ನುಡಿ, ಮತ್ತು ಒಂದು ಸಾವು

ಅಲ್ಲಿಂದ ಟ್ವೈನ್‌ಗೆ ಬಂದೆ. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದ ಉಚಿತ ಸಾಧನ. ಒಂದೊಂದು ದೃಶ್ಯಕ್ಕೆ ಒಂದೊಂದು ಚೌಕ. ಎರಡು ಚೌಕ ಆವರಣದೊಳಗೆ ಇನ್ನೊಂದು ದೃಶ್ಯದ ಹೆಸರು ಬರೆದರೆ ಲಿಂಕ್ ಆಗುತ್ತೆ, ಚೌಕದಿಂದ ಚೌಕಕ್ಕೆ ಬಾಣ ಮೂಡುತ್ತೆ. ಗೋಡೆಗೆ ಚೀಟಿ ಅಂಟಿಸಿ ದಾರ ಕಟ್ಟಿದ ಹಾಗೆ. ಎಲ್ಲಾ ಮುಗಿದ ಮೇಲೆ ಬ್ರೌಸರಿನಲ್ಲಿ ತೆರೆಯುವ ಒಂದೇ ಒಂದು ಎಚ್‌ಟಿಎಂಎಲ್ ಫೈಲ್ ಕೈಗೆ ಬರುತ್ತೆ. ಟೈಪ್ ಮಾಡಿಸೋದು ಬಿಟ್ಟು ಲಿಂಕ್ ಒತ್ತಿಸೋದು ಅಂತ ಇಟ್ಟುಕೊಂಡೆ. ಉತ್ತರ ಟೈಪ್ ಮಾಡುವ ಜಾಗ ಮೂರು ಮಾತ್ರ ಉಳಿಸಿದೆ. ಆ ಮೂರೇ ನನ್ನನ್ನು ಹುರಿದು ಮುಕ್ಕಿದವು.

ಮೊದಲ ದಿನ ನಡೆದದ್ದು ಡಿಟಿಪಿಯವರಿಗೆ ನಗು ತರಿಸುತ್ತೆ. ಅಭ್ಯಾಸಬಲ. ಇಪ್ಪತ್ತು ಪುಟ ಕಥೆಯನ್ನು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಹೊಡೆದು ತಂದು ಅಂಟಿಸಿದೆ. ಪರದೆ ತುಂಬಾ ಇಂಗ್ಲಿಷ್ ಅಕ್ಷರ, ಟೊಪ್ಪಿಗೆ ಹಾಕಿದ ಅಕ್ಷರ, ಎಲ್ಲಿ ನೋಡಿದರೂ ಪೌಂಡ್ ಗುರುತು. ಆ ಫಾಂಟಿನಲ್ಲಿ ‘ನ’ ಕೂತಿರೋದೇ ಪೌಂಡಿನ ಜಾಗದಲ್ಲಿ. ಯೂನಿಕೋಡ್‌ಗೆ, ಅಂದರೆ ಎಲ್ಲಾ ಫೋನು-ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಪರಿವರ್ತನೆ ಮಾಡಿದೆ, ಕಣ್ಣಿಗೆ ಎಲ್ಲಾ ಸರಿ ಕಂಡಿತು. ಕಣ್ಣಿಗೆ ಅಂತ ಯಾಕೆ ಒತ್ತಿ ಹೇಳ್ತಿದೀನಿ ಅಂತ ಮುಂದೆ ತಿಳಿಯುತ್ತೆ.

ಸಾವಿನ ವಿಷಯ ಬೇಗ ಮುಗಿಸ್ತೀನಿ. ಟ್ವೈನನ್ನು ಬ್ರೌಸರಿನಲ್ಲೇ ತೆರೆದು ಬರೆದರೆ ಕಥೆ ಬ್ರೌಸರಿನ ಹೊಟ್ಟೆಯಲ್ಲೇ ಇರುತ್ತೆ, ಬೇರೆಲ್ಲೂ ಇರಲ್ಲ. ಅಂಗಡಿ ಹುಡುಗ ಕಂಪ್ಯೂಟರ್ ಸ್ಲೋ ಆಯ್ತು ಅಂತ ಬ್ರೌಸರಿನ ಡೇಟಾ ಪೂರ್ತಿ ಕ್ಲಿಯರ್ ಮಾಡಿದ. 38 ದೃಶ್ಯ ಹೋದವು. ಬೈಯೋಣ ಅಂದರೆ ವಾರಕ್ಕೊಮ್ಮೆ ಹಾಗೆ ಮಾಡು ಅಂತ ಅವನಿಗೆ ಕಲಿಸಿದ್ದವನು ನಾನೇ. ಈಗ ಕಂಪ್ಯೂಟರಿಗೆ ಹಾಕಿಕೊಳ್ಳುವ ಟ್ವೈನ್ ಬಳಸ್ತೀನಿ, ಅದು ಫೈಲಾಗಿ ಉಳಿಸುತ್ತೆ. ದಿನಾ ಅಂಗಡಿ ಮುಚ್ಚುವ ಮುಂಚೆ ಆರ್ಕೈವ್ ಒತ್ತಿ ಪೆನ್‌ಡ್ರೈವಿಗೆ ಒಂದು ಪ್ರತಿ.

ಎರಡನೇ ಸಲ ಬರೆದದ್ದು ಮೊದಲಿಗಿಂತ ಚೆನ್ನಾಗಿ ಬಂತು. ಇದನ್ನು ಹುಡುಗನಿಗೆ ಹೇಳಿಲ್ಲ.

ನೀನಾ, ನೀವಾ?

ಇಂಥ ಕಥೆ ಓದುವವರ ಜೊತೆ ನೇರ ಮಾತಾಡುತ್ತೆ. ಹಾಗಾದರೆ ಏನಂತ ಕರೆಯೋದು? “ನೀವು ಬಂಡೆ ಹತ್ತುತ್ತೀರಿ” ಅಂತ ಬರೆದೆ. ಬ್ಯಾಂಕಿನ ಫಾರಂ ಓದಿದ ಹಾಗಾಯಿತು. “ನೀನು ಬಂಡೆ ಹತ್ತುತ್ತೀಯ” ಅಂತ ಮಾಡಿದೆ. ಪಕ್ಕದ ಬೀದಿಯ ರಿಟೈರ್ಡ್ ಮೇಷ್ಟ್ರಿಗೆ ತೋರಿಸಿದಾಗ ಮೊದಲ ಸಾಲಿಗೇ ಹುಬ್ಬು ಗಂಟಾಯಿತು. ಎಪ್ಪತ್ತು ದಾಟಿದವರನ್ನು ಮೊಬೈಲು ಏಕವಚನದಲ್ಲಿ ಕರೆದರೆ ಹೇಗೆ?

ಪರಿಹಾರ ಕಥೆಯೊಳಗೇ ಇತ್ತು. ಇಡೀ ಕಥೆಯನ್ನು ಅಜ್ಜನ ಬಾಯಿಗೆ ಕೊಟ್ಟೆ. ಅಜ್ಜ ಮೊಮ್ಮಗಳನ್ನು ‘ನೀನು’ ಅನ್ನದೆ ಇನ್ನೇನಂತಾನೆ? “ಕೈ ಇಟ್ಟು ನೋಡು ಮಗಾ, ಕಲ್ಲು ಇನ್ನೂ ಕಾದಿದೆ.” ಮೇಷ್ಟ್ರಿಗೆ ಮತ್ತೆ ಕೊಟ್ಟೆ. ಈ ಸಲ ಹುಬ್ಬು ನೆಟ್ಟಗಿತ್ತು. ಅಜ್ಜ ಮಾತಾಡದ ಕಡೆ ಸರ್ವನಾಮವನ್ನೇ ಬಿಟ್ಟೆ. ಕನ್ನಡದಲ್ಲಿ ಅದೊಂದು ಅನುಕೂಲ, ನೀನು-ನೀವು ಇಲ್ಲದೆಯೂ ಎಷ್ಟೋ ದೂರ ನಡೆಯಬಹುದು.

ಚೀಲದ ವಸ್ತುಗಳಲ್ಲೂ ಇದೇ ಉಪಾಯ. ಖಾಲಿ ಜಾಗ ಬಿಟ್ಟು ವಸ್ತುವಿನ ಹೆಸರು ತಾನಾಗೇ ಬಂದು ಕೂರುವಂತೆ ಮಾಡಿದ್ದೆ. “ಹಗ್ಗ ಅನ್ನು ತೆಗೆದುಕೊಂಡೆ”, “ಹೂ ಅನ್ನು ತೆಗೆದುಕೊಂಡೆ” ಅಂತ ಬಂತು. ಹಗ್ಗವನ್ನು, ಹೂವನ್ನು, ಕಲ್ಲನ್ನು, ಒನಕೆಯನ್ನು: ಒಂದೊಂದಕ್ಕೂ ಒಂದೊಂದು ಸಂಧಿ. ಅದಕ್ಕೂ ಪಟ್ಟಿ ಮಾಡೋಕೆ ಹೊರಟವನು ನಿಂತೆ. ನಮ್ಮ ಕಡೆ ಯಾರು ‘ಹಗ್ಗವನ್ನು’ ಅಂತಾರೆ? “ಹಗ್ಗ ತಗೊಂಡಾಯ್ತು.” ಮುಗೀತು. ಪ್ರತ್ಯಯವೇ ಬೇಡ.

ಹದಿನಾಲ್ಕು ಜನ, ಒಂದು ಒಗಟು

ದಸರಾ ಹೊತ್ತಿಗೆ ಮೊದಲ ಪ್ರತಿ ಸಿದ್ಧ. ಫೈಲನ್ನೇ ವಾಟ್ಸಾಪಿನಲ್ಲಿ ಕಳಿಸಿದೆ, ಅರ್ಧ ಜನರ ಫೋನಿನಲ್ಲಿ ಬಿಳಿ ಪುಟ. ಇಚ್ ಡಾಟ್ ಐಓ ಅನ್ನುವ ತಾಣದಲ್ಲಿ ಇಂಥ ಆಟಗಳನ್ನು ಪುಕ್ಕಟೆ ಇಡಬಹುದು. ಅಲ್ಲಿ ಹಾಕಿ ಕೊಂಡಿ ಕಳಿಸಿದೆ. ಹದಿನಾಲ್ಕು ಜನ: ನೆಂಟರು, ಗಿರಾಕಿಗಳು, ಮೇಷ್ಟ್ರು, ದಾವಣಗೆರೆಯ ಚಿಕ್ಕಮ್ಮ.

ಕಳಿಸುವ ಮುಂಚೆ ಒಂದು ಬುದ್ಧಿವಂತಿಕೆ ಮಾಡಿದ್ದೆ. ಓದಿದವರನ್ನು ಹೇಗಿತ್ತು ಅಂತ ಕೇಳಿದರೆ “ಸೂಪರ್” ಅಂತಾರೆ. ನೆಂಟರು ಇನ್ನೇನು ಹೇಳ್ತಾರೆ? ಅದಕ್ಕೇ ಕೆಳಗೊಂದು ಬಟನ್ ಇಟ್ಟೆ, ಹೆಸರು ‘ನನ್ನ ಜಾಡು’. ಒತ್ತಿದರೆ ಯಾವ ಯಾವ ದೃಶ್ಯಕ್ಕೆ ಹೋದರು, ಎಲ್ಲೆಲ್ಲಿ ಏನೇನು ತಪ್ಪು ಉತ್ತರ ಕೊಟ್ಟರು ಅನ್ನೋದು ಒಂದು ಚೌಕದಲ್ಲಿ ಬರುತ್ತೆ. ಕಾಪಿ ಮಾಡಿ ನನಗೆ ಕಳಿಸಬೇಕು. ಅವರಾಗಿ ಕಳಿಸದೆ ನನಗೆ ಏನೂ ಬರಲ್ಲ. ಹನ್ನೊಂದು ಜಾಡು ಬಂದವು. ಇವತ್ತಿಗೂ ಅಂಗಡಿ ಡ್ರಾಯರಿನಲ್ಲಿ ಪ್ರಿಂಟ್ ಇದೆ. ಸೂಪರ್ ಅಂದ ಮೆಸೇಜ್ ಒಂದೂ ಉಳಿಸಿಕೊಂಡಿಲ್ಲ.

ಮೊದಲ ಟೈಪಿಂಗ್ ಒಗಟು ಓಬವ್ವನ ಕಿಂಡಿಯ ಹತ್ತಿರ ಬರುತ್ತೆ. ಅಜ್ಜ ಕೇಳುತ್ತಾನೆ:

“ಎರಡು ಕೈಲಿ ಹಿಡಿದರೆ ಕುಣಿಯುತ್ತೆ, ಬಿಟ್ಟರೆ ಮೂಲೆ ಸೇರುತ್ತೆ. ಏನದು?”

ಒನಕೆ ಅಲ್ವಾ? ಓಬವ್ವನ ಕಿಂಡಿ ಮುಂದೆ ನಿಂತು ಇನ್ನೇನು ಹೇಳೋಕಾಗುತ್ತೆ? ಹನ್ನೊಂದು ಜಾಡಿನಲ್ಲಿ ಮೊದಲ ಏಟಿಗೆ ಒನಕೆ ಅಂದವರು ಒಬ್ಬರು. ಪೊರಕೆ ಅಂದವರು ನಾಲ್ಕು. ಹಾರೆ ಅಂದವರು ಒಬ್ಬರು. ಉಳಿದ ಐದು ಜನ ಕಡಗೋಲು ಅಂದಿದ್ದರು.

ಪೊರಕೆ ಅರ್ಥವಾಯಿತು. ನಿಜ ಹೇಳಬೇಕಂದರೆ ಪೊರಕೆ ನನ್ನ ಉತ್ತರಕ್ಕಿಂತ ಚೆನ್ನಾಗಿ ಹೊಂದುತ್ತೆ. ಈಗ ಯಾರ ಮನೆ ಮೂಲೆಯಲ್ಲಿ ಒನಕೆ ಇದೆ? ಮೂಲೆ ಸೇರೋದು ಪೊರಕೆಯೇ. ಆದರೆ ಕಡಗೋಲು? ಅದನ್ನು ಹಿಡಿದು ಯಾರೂ ಬಿಡಲ್ಲ, ಹಗ್ಗ ಹಾಕಿ ಎಳೆಯೋದು. ಐದು ಜನಕ್ಕೆ ಅದೇ ಯಾಕೆ ಹೊಳೆಯಿತು? ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ಅವರಲ್ಲೊಬ್ಬರಿಗೆ, ಮದುವೆ ಕಾಗದ ಮಾಡಿಸೋಕೆ ಬಂದವರಿಗೆ, ನೇರ ಕೇಳಿದೆ. “ನಾಲ್ಕು ಮನೆ ಇತ್ತಲ್ಲ ಸಾರ್” ಅಂದರು.

ಮನೆ ಅಂದರೆ ಖಾಲಿ ಚೌಕ. ಉತ್ತರಕ್ಕೆ ಎಷ್ಟು ಅಕ್ಷರ ಅಂತ ಸುಳಿವು ಸಿಗಲಿ ಅಂತ ಚೌಕಗಳನ್ನು ಇಟ್ಟಿದ್ದೆ. ಚೌಕ ಎಷ್ಟು ಅಂತ ಕಂಪ್ಯೂಟರಿಗೇ ಎಣಿಸೋಕೆ ಬಿಟ್ಟಿದ್ದೆ. ಒನಕೆ ನಮಗೆ ಮೂರು ಅಕ್ಷರ. ಕಂಪ್ಯೂಟರಿಗೆ ನಾಲ್ಕು: ಒ, ನ, ಕ, ಆಮೇಲೆ ಎತ್ವ ಬೇರೆ. ಕ-ಡ-ಗೋ-ಲು, ಸರಿಯಾಗಿ ನಾಲ್ಕು. ಓದುಗರು ಒಗಟಿಗೂ ಚೌಕಕ್ಕೂ ಎರಡಕ್ಕೂ ಹೊಂದುವ ಪದ ಹುಡುಕಿ ಹುಡುಕಿ ಕಡಗೋಲಿಗೆ ಬಂದು ನಿಂತಿದ್ದರು. ಅವರು ಎಣಿಸಿದ್ದು ಸರಿ, ನಾನು ಎಣಿಸಿದ್ದು ತಪ್ಪು.

ಸರಿಯಾಗಿ ಎಣಿಸೋದು ಹೇಗೆ ಅಂತ ಬರೆದಿಡ್ತೀನಿ, ಯಾರಿಗಾದರೂ ಬೇಕಾಗಬಹುದು. ಸ್ವರ ಬಂದರೆ ಒಂದು. ವ್ಯಂಜನ ಬಂದರೆ ಒಂದು, ಆದರೆ ಅದರ ಹಿಂದೆ ಹಲಂತದ ಗುರುತು ಇದ್ದರೆ ಅದು ಒತ್ತು, ಲೆಕ್ಕಕ್ಕಿಲ್ಲ. ಕಾಗುಣಿತದ ಗುರುತು, ಸೊನ್ನೆ, ವಿಸರ್ಗ ಲೆಕ್ಕಕ್ಕಿಲ್ಲ. ‘ಚಿತ್ರದುರ್ಗ’ ಹಾಕಿ ಪರೀಕ್ಷೆ ಮಾಡಿ. ಕಂಪ್ಯೂಟರ್ ತನ್ನ ಪಾಡಿಗೆ ಎಣಿಸಿದರೆ ಹತ್ತು. ಈ ಲೆಕ್ಕದಲ್ಲಿ ನಾಲ್ಕು.

ಒಗಟನ್ನೂ ತಿದ್ದಿದೆ: “ಎರಡು ಕೈಲಿ ಹಿಡಿದರೆ ಕುಣಿಯುತ್ತೆ, ಕುಣಿದಷ್ಟೂ ಒರಳು ಗುಡುಗುತ್ತೆ, ಬಿಟ್ಟರೆ ಮೂಲೆಯಲ್ಲಿ ಮೂಗ.” ಒರಳು ಬಂದ ಮೇಲೆ ಕಡಗೋಲಿಗೆ ಜಾಗ ಇಲ್ಲ. ಪೊರಕೆಗೂ ಇಲ್ಲ, ಆದರೆ ಮೊದಲ ನಾಲ್ಕು ಜನರ ಗೌರವಕ್ಕೆ ಒಂದು ಸಾಲು ಇಟ್ಟೆ. ಈಗಲೂ ಯಾರಾದರೂ ಪೊರಕೆ ಅಂತ ಹೊಡೆದರೆ ಅಜ್ಜ, “ಹೈದರಾಲಿ ಸೈನ್ಯವನ್ನು ಗುಡಿಸ್ತೀಯೇನು?” ಅಂತಾನೆ. ಜಾಸ್ತಿ ಜನ ಮೆಚ್ಚಿದ ಸಾಲು ಇದೇ. ಕೆಲವರು ಬೇಕು ಅಂತಲೇ ಪೊರಕೆ ಹೊಡೀತಾರೆ.

ಹುಡುಗರಿಗೆ ಒನಕೆಯೇ ಗೊತ್ತಿಲ್ಲದಿದ್ದರೆ? ಕಿಂಡಿಯ ಹತ್ತಿರವೇ ಅಜ್ಜ ಓಬವ್ವನ ಕಥೆ ಹೇಳುತ್ತಾನೆ. ಗಂಡ ಊಟಕ್ಕೆ ಕೂತಿದ್ದು, ಅವಳು ತಣ್ಣೀರು ದೋಣಿಗೆ ನೀರಿಗೆ ಹೋಗಿದ್ದು, ಕಿಂಡಿಯಲ್ಲಿ ತಲೆ ಕಂಡಿದ್ದು, ಅವಳ ಕೈಗೆ ಒನಕೆ ಬಂದಿದ್ದು. ಮೊದಲ ಪ್ರತಿಯಲ್ಲಿ ಆ ಕಥೆ ಒಗಟಿನ ನಂತರ ಬರ್ತಿತ್ತು. ಮುಂದಕ್ಕೆ ತಂದೆ.

ಸರಿ ಉತ್ತರವೇ ತಪ್ಪಾದಾಗ

ಎರಡನೇ ಟೈಪಿಂಗ್ ಒಗಟು ಹೊಂಡದ್ದು. ಗೋಪಾಲಸ್ವಾಮಿ ಹೊಂಡದಲ್ಲಿ ಮೊಮ್ಮಗಳು ಒಂದು ಚೆಂಡು ಹೂ ಬಿಡುತ್ತಾಳೆ. ಅದು ಕೊನೆಗೆ ಎಲ್ಲಿ ಸಿಗುತ್ತೆ? ನಮ್ಮ ಕೋಟೆಯ ನೀರಿನ ಲೆಕ್ಕ ಗೊತ್ತಿರೋರಿಗೆ ಸುಲಭ. ಮೇಲಿನ ಹೊಂಡ ತುಂಬಿ ಕೋಡಿ ಬಿದ್ದರೆ ಅಕ್ಕ ತಂಗಿ ಹೊಂಡಕ್ಕೆ, ಹಾಗೇ ಇಳಿಯುತ್ತಾ ಊರೊಳಗಿನ ಸಂತೆ ಹೊಂಡಕ್ಕೆ. ಗೊತ್ತಿಲ್ಲದವರಿಗೆ ದಾರಿಯಲ್ಲಿ ಕಾಲುವೆಯ ಗುರುತು ಇಟ್ಟಿದ್ದೆ.

ಜಾಡಿನಲ್ಲಿ ಒಬ್ಬರು ‘ಸಂತೆ ಹೊಂಡ’ ಅಂತ ಆರು ಸಲ ಹೊಡೆದಿದ್ದರು. ಆರು ಸಲವೂ ‘ತಪ್ಪು’. ಕಣ್ಣಲ್ಲಿ ನೋಡಿದರೆ ಅಕ್ಷರ ಅಕ್ಷರವೂ ಸರಿ! ಕೊನೆಗೆ ಆ ಪದವನ್ನು ಬಿಡಿಸಿ ಒಂದೊಂದೇ ಸಂಕೇತ ನೋಡಿದೆ. ಅವರು ‘ಸಂ’ದ ಸೊನ್ನೆಗೆ ಕನ್ನಡ ಅಂಕಿಯ ಸೊನ್ನೆ ಒತ್ತಿದ್ದರು. ನೋಡೋಕೆ ಎರಡೂ ಒಂದೇ ದುಂಡಗೆ. ಕಂಪ್ಯೂಟರಿಗೆ ಒಂದು ಅಕ್ಷರದ ಭಾಗ, ಇನ್ನೊಂದು ಲೆಕ್ಕದ ಸೊನ್ನೆ.

ಇನ್ನೊಂದು ಇನ್ನೂ ಮುಜುಗರದ್ದು. ನಾನು ಇಟ್ಟಿದ್ದ ಸರಿ ಉತ್ತರವೇ ಕೆಟ್ಟಿತ್ತು. ಮೇಷ್ಟ್ರು ‘ಗೋಪಾಲಸ್ವಾಮಿ’ ಅಂತ ಹೊಡೆದಿದ್ದರು, ಅದಕ್ಕೆ ಅಜ್ಜ “ಹತ್ತಿರ ಬಂದೆ, ಇಳಿದು ಹೋಗು” ಅನ್ನಬೇಕಿತ್ತು. ಅನ್ನಲಿಲ್ಲ. ‘ಗೋ’ ಅನ್ನೋದನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು. ಓತ್ವದ ಗುರುತು ಒಂದೇ ಆಗಿ, ಇಲ್ಲವೇ ಒತ್ವ ಒಂದು, ದೀರ್ಘ ಇನ್ನೊಂದು ಅಂತ ಬಿಡಿಬಿಡಿಯಾಗಿ. ಪರದೆಯಲ್ಲಿ ಕೂದಲೆಳೆ ವ್ಯತ್ಯಾಸ ಇಲ್ಲ. ಹಳೇ ನುಡಿ ಫಾಂಟಿನಲ್ಲಿ ದೀರ್ಘಕ್ಕೆ ಬೇರೆಯೇ ಸಂಕೇತ. ನಾನು ಪರಿವರ್ತನೆ ಮಾಡಿ ತಂದ ಪಠ್ಯದಲ್ಲಿ ಆ ದೀರ್ಘ ಹಾಗೇ ಬಿಡಿಯಾಗಿ ಉಳಿದಿತ್ತು. ಮೇಷ್ಟ್ರ ಮೊಬೈಲು ಒಟ್ಟಾಗಿ ಕೊಟ್ಟಿತ್ತು. ಇಪ್ಪತ್ತು ವರ್ಷ ಕನ್ನಡ ಅಕ್ಷರ ಜೋಡಿಸಿ ಹೊಟ್ಟೆ ಹೊರೆದವನು ನಾನು. ಮೇಷ್ಟ್ರಿಗೆ ತಪ್ಪು ಅಂದಿದ್ದೆ.

ಬ್ರೌಸರಿಗೆ ಅರ್ಥವಾಗುವ ಪ್ರೋಗ್ರಾಂ ಭಾಷೆ ಜಾವಾಸ್ಕ್ರಿಪ್ಟಿನಲ್ಲಿ ನಾರ್ಮಲೈಸ್ ಅನ್ನುವ ಆಜ್ಞೆ ಇದೆ, ಅದು ಬಿಡಿಯಾದದ್ದನ್ನು ಕೂಡಿಸಿ ಒಂದೇ ರೂಪಕ್ಕೆ ತರುತ್ತೆ. ಓದುಗರ ಉತ್ತರ, ನನ್ನ ಉತ್ತರ ಎರಡನ್ನೂ ಅದರಲ್ಲಿ ಹಾಯಿಸಬೇಕು. ಆಮೇಲೆ ಕಣ್ಣಿಗೆ ಕಾಣದ ಜೋಡಕಗಳನ್ನು ಕಿತ್ತುಹಾಕಬೇಕು. ‘ಸಾಫ್ಟ್‌ವೇರ್’ ಥರದ ಪದದಲ್ಲಿ ಒತ್ತು ಆಗದ ಹಾಗೆ ತಡೆಯೋಕೆ ನಡುವೆ ಒಂದು ಅಡಗಿರುತ್ತಲ್ಲ, ಅದು. ಪದಗಳ ನಡುವಿನ ಜಾಗ ತೆಗೀಬೇಕು, ಸಂತೆಹೊಂಡ ಅಂತ ಕೂಡಿಸಿ ಬರೆಯೋರೂ ಇದ್ದಾರೆ. ಅಕ್ಷರದ ನಡುವೆ ಅಂಕಿ ಸೊನ್ನೆ ಬಂದರೆ ಅನುಸ್ವಾರ ಅಂತ ತಿಳೀಬೇಕು. ಇಷ್ಟಾದ ಮೇಲೆ ಹೋಲಿಸಬೇಕು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯೋರಿಗೆ ಅಂತ ಒಂದೆರಡು ರೂಪ ಕೈಯಾರೆ ಸೇರಿಸಿದೆ.

ಮೂರನೇ ಟೈಪಿಂಗ್ ಜಾಗದಲ್ಲಿ ಒಂದು ಬೀಗ ಇತ್ತು, ನಾಲ್ಕು ಅಂಕಿಯದು. ಉತ್ತರ 1779, ದುರ್ಗ ಹೈದರಾಲಿಯ ಕೈಸೇರಿದ ವರ್ಷ. ಮೇಷ್ಟ್ರು ೧೭೭೯ ಅಂತ ಕನ್ನಡ ಅಂಕಿಯಲ್ಲಿ ಹೊಡೆದರು. ಬೀಗ ತೆಗೀಲಿಲ್ಲ. ಕನ್ನಡದ ಆಟದಲ್ಲಿ ಕನ್ನಡ ಅಂಕಿ ನಡೆಯಲ್ಲ! ಹತ್ತು ನಿಮಿಷದ ರಿಪೇರಿ ಅದು, ಮಾಡಿದೆ. ಆದರೆ ಫೋನು ಇಡುವ ಮುಂಚೆ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. “ಇದು ಒಗಟಲ್ಲಪ್ಪ, ಕೆಪಿಎಸ್‌ಸಿ ಪ್ರಶ್ನೆ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಗೂಗಲ್.”

ರಿಪೇರಿ ಮಾಡಿದ ಬೀಗವನ್ನೇ ಕಿತ್ತೆಸೆದೆ. ಉತ್ತರ ಆ ದೃಶ್ಯದೊಳಗೆ ಎಲ್ಲೋ ಇರಬೇಕು, ಓದುಗರ ತಲೆಯಲ್ಲಿ ಮೊದಲೇ ಇರಬೇಕು ಅಂದರೆ ಅದು ಪರೀಕ್ಷೆ. ಆ ಜಾಗಕ್ಕೆ ಮದ್ದು ಬೀಸುವ ಕಲ್ಲಿನ ಒಗಟು ಬಂತು. ಗುಂಡಿಯಲ್ಲಿ ದೊಡ್ಡ ನಾಲ್ಕು ಕಲ್ಲು. ಇದ್ದಿಲು, ಗಂಧಕ, ಪೆಟ್ಲುಪ್ಪು ಮೂರರ ವಾಸನೆ-ಬಣ್ಣದ ಗುರುತು ಮೂರರ ಮೇಲೆ. ಏನೂ ಇಲ್ಲದ ನಾಲ್ಕನೆಯದರ ಕೆಳಗೆ ಕೀಲಿ. ಒಂದೇ ಸಲಕ್ಕೆ ಸರಿ ಬಂತು. ಇದರ ಬಗ್ಗೆ ಹೇಳೋದು ಏನೂ ಇಲ್ಲ.

ಬೇಸಿಗೆಯಲ್ಲಿ ಕೋಡಿ ಬೀಳುತ್ತಾ?

ಹೂವಿನ ಒಗಟು ತಾಂತ್ರಿಕವಾಗಿ ಸರಿಯಾಯಿತು ಅಂತ ಎರಡು ದಿನ ಹಾಯಾಗಿದ್ದೆ. ಆಗ ಹಿರಿಯೂರಿನ ಗಿರಾಕಿಯೊಬ್ಬರ ವಾಯ್ಸ್ ಮೆಸೇಜ್ ಬಂತು, ರೈತರು ಅವರು. “ಸ್ವಾಮಿ, ನಿಮ್ಮ ಕಥೆ ನಡೆಯೋದು ಏಪ್ರಿಲ್‌ನಾಗೆ. ಕಲ್ಲು ಕಾದೈತೆ ಅಂತೀರಿ. ಆ ಟೈಮ್‌ನಾಗೆ ಯಾವ ಹೊಂಡ ಕೋಡಿ ಬೀಳುತ್ತೆ?”

ಈ ಜಿಲ್ಲೆಯವರಿಗೆ ಕೋಡಿ ವಿಷಯದಲ್ಲಿ ಸುಳ್ಳು ಹೇಳಬಾರದು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ ಕಾದ ಜನ. ಅವರ ಮುಂದೆ ನಾನು ಏಪ್ರಿಲ್ ಬಿಸಿಲಲ್ಲಿ ಹೊಂಡದಿಂದ ಹೊಂಡಕ್ಕೆ ಹೂ ತೇಲಿಸಿದ್ದೆ.

ಕಥೆಯ ತಿಂಗಳು ಬದಲಾಯಿಸಿದರೆ ಸುಲಭ ಇತ್ತು. ಆದರೆ ಕಾದ ಕಲ್ಲಿನ ಮೇಲೆ ಬೇರೆ ಎರಡು ಒಗಟು ನಿಂತಿದ್ದವು. ಯೋಚಿಸ್ತಾ ಇದ್ದಾಗ ಆ ತಪ್ಪಿನಲ್ಲೇ ಒಳ್ಳೆ ಒಗಟು ಕಂಡಿತು. ಈಗ ಹೂ ಬಿಟ್ಟರೆ ಅದು ಅಲ್ಲೇ ನಿಲ್ಲುತ್ತೆ. ಅಜ್ಜ, “ನೀರಿಗೆ ಕಾಲು ಬರಬೇಕು” ಅಂತಾನೆ, ಅಷ್ಟೇ. ಓದುಗರು ಬೇರೆ ಕಡೆ ಸುತ್ತಾಡಬೇಕು. ಏಕನಾಥೇಶ್ವರಿ ಗುಡಿಯ ಹತ್ತಿರ ಕೂತರೆ ಜೋಗಿಮಟ್ಟಿ ಕಡೆ ಮೋಡ ಕಟ್ಟುತ್ತೆ. ಗಾಳಿಯಂತ್ರದ ರೆಕ್ಕೆ ಜೋರಾಗುತ್ತೆ. ಎರಡು ದೃಶ್ಯ ದಾಟೋದರೊಳಗೆ ಮುಂಗಾರಿಗೆ ಮುಂಚಿನ ಅಡ್ಡಮಳೆ ಧೋ ಅಂತ ಸುರಿಯುತ್ತೆ. ಆಮೇಲೆ ವಾಪಸ್ ಬಂದರೆ ಹೂ ಜಾಗದಲ್ಲಿಲ್ಲ. ಒಂದು ಅಡ್ಡಮಳೆಗೆ ಹೊಂಡ ಕೋಡಿ ಬೀಳುತ್ತಾ ಅಂತ ಆ ರೈತರು ಮತ್ತೆ ಕೇಳಬಹುದು. ಹೋದ ವರ್ಷದ ಮಳೆ ಚೆನ್ನಾಗಿತ್ತು, ಹೊಂಡ ಗೇಣು ಕಡಿಮೆ ತುಂಬಿತ್ತು ಅಂತ ಮೊದಲ ದೃಶ್ಯದಲ್ಲೇ ಒಂದು ಸಾಲು ಸೇರಿಸಿಟ್ಟಿದೀನಿ. ಅವರಿಗೆ ಅಂತಲೇ ಬರೆದ ಸಾಲು.

ಇದನ್ನು ಕಟ್ಟೋದಕ್ಕೆ ಒಂದು ಚರ, ಅಂದರೆ ಬದಲಾಗುವ ಬೆಲೆಯನ್ನು ನೆನಪಿಟ್ಟುಕೊಳ್ಳುವ ಒಂದು ಹೆಸರು, ಸಾಕು. ಮಳೆ ಬಂತಾ, ಇಲ್ವಾ. ಟ್ವೈನಿನಲ್ಲಿ ನಾನು ಬಳಸಿದ ಶುಗರ್‌ಕ್ಯೂಬ್ ಶೈಲಿಯಲ್ಲಿ ಚರದ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ‘ಮಳೆ’ ಅಂತ ಕನ್ನಡದಲ್ಲಿ ಇಟ್ಟು ಅರ್ಧ ದಿನ ಹಾಳಾಯಿತು.

ಕಿಂಡಿಯಲ್ಲಿ ಸಿಕ್ಕಿಕೊಂಡವರು

ಇದು ದೊಡ್ಡ ತಪ್ಪು, ಯಾರೂ ದೂರಲಿಲ್ಲ ಅನ್ನೋದೇ ಅದರ ಕಷ್ಟ. ಇಬ್ಬರ ಜಾಡು ಒಂದೇ ಥರ ಇತ್ತು: ಕಿಂಡಿ, ಕತ್ತಲು, ಗೋಡೆ, ಕತ್ತಲು, ಗೋಡೆ, ಕತ್ತಲು. ಒಬ್ಬರು ಹತ್ತೊಂಬತ್ತು ಸಲ ಸುತ್ತಿ ಬಿಟ್ಟಿದ್ದರು.

ಕಿಂಡಿ ಕಿರಿದು. ಚೀಲ ಹೊತ್ತು ನುಸುಳೋಕಾಗಲ್ಲ, ಕೆಳಗಿಡಬೇಕು. ಅದೇ ಒಗಟು. ಆದರೆ ಟಾರ್ಚ್ ಚೀಲದಲ್ಲೇ ಇದ್ದರೆ? ಆ ಕಡೆ ಕತ್ತಲು, ಟಾರ್ಚ್ ಬೇಕೇ ಬೇಕು. ವಾಪಸ್ ಬರುವ ಲಿಂಕ್ ನಾನು ಇಟ್ಟಿರಲಿಲ್ಲ. ಟಾರ್ಚ್ ಮೊದಲೇ ಕೈಗೆ ತಗೊಂಡವರು ದಾಟಿದರು, ಉಳಿದವರು ಬಂಡೆಯೊಳಗೆ ಜೀವಂತ ಸಮಾಧಿ. ಆಡುವವರು ತಮ್ಮದೇ ದಡ್ಡತನ ಅಂದುಕೊಂಡು ಸುಮ್ಮನಾಗುತ್ತಾರೆ. ಜಾಡು ಇಲ್ಲದಿದ್ದರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ.

ವಾಪಸ್ ಬರುವ ಲಿಂಕ್ ಸೇರಿಸಿದೆ. ಅದರ ಜೊತೆ, ಒಂದೇ ಜಾಗದಲ್ಲಿ ಮೂರು ಸಲ ಸುತ್ತಿದರೆ ಅಜ್ಜ ಕೆಮ್ಮುತ್ತಾನೆ. ಐದು ಸಲ ಸುತ್ತಿದರೆ, “ಬೆಳಕು ಎಲ್ಲಿ ಬಿಟ್ಟು ಬಂದೆ ಮಗಾ?” ಅಂತಾನೆ. ಎಂಟು ಸಲ ಆದರೆ ಬಿಡಿಸಿ ಹೇಳಿಬಿಡುತ್ತಾನೆ. ಸುಳಿವು ಜಾಸ್ತಿ ಅಂದವರು ಇದ್ದರು, ಸಾಲದು ಅಂದವರೂ ಇದ್ದರು. ಕೆಮ್ಮು ಇಬ್ಬರನ್ನೂ ಸಮಾಧಾನ ಮಾಡಿತು. ಕೆಮ್ಮಿಗೆ ಕಿವಿಗೊಡದವರಿಗೆ ಅದು ಬರೀ ಕೆಮ್ಮು.

ಸಣ್ಣಪುಟ್ಟ ರಿಪೇರಿ: ಹಳೇ ಫೋನುಗಳಲ್ಲಿ ಒತ್ತಕ್ಷರದ ಬುಡ ಮುಂದಿನ ಸಾಲಿಗೆ ತಾಗಿ ಕತ್ತರಿಸಿದ ಹಾಗೆ ಕಾಣ್ತಿತ್ತು, ಸಾಲಿನ ಅಂತರ 1.8ಕ್ಕೆ ಏರಿಸಿದೆ. ಅಕ್ಷರ ಒಂದೊಂದೇ ಮೂಡುವ ಅಲಂಕಾರ ತೆಗೆದೆ, ‘ದುರ್ಗ’ ಅನ್ನೋದು ದ, ದು, ದುರ, ದುರ್ ಅಂತ ತೊದಲುತ್ತಾ ಬರ್ತಿತ್ತು. ಅಜ್ಜನಿಗೆ ವಯಸ್ಸಾಗಿದೆ ನಿಜ, ಅಷ್ಟೊಂದಲ್ಲ.

ಈಗ

ಈಗ 70 ದೃಶ್ಯ ಇವೆ. ಹೋದ ಭಾನುವಾರ ಹೊಸ ಪ್ರತಿ ಹಾಕಿ ಎಲ್ಲರಿಗೂ ಕೊಂಡಿ ಕಳಿಸಿದೆ. ಇನ್ನು ಸಾಕು, ಮದುವೆ ಸೀಸನ್ ಶುರುವಾಯಿತು ಅಂತ ಟ್ವೈನ್ ಮುಚ್ಚಿದೆ.

ರಾತ್ರಿ ದಾವಣಗೆರೆಯಿಂದ ಚಿಕ್ಕಮ್ಮನ ಫೋನು. ಹಿಂದಿನಿಂದ ಮಂಡಕ್ಕಿ ಕಲಸುವ ಪಾತ್ರೆ ಸದ್ದು. ಕೊನೇವರೆಗೂ ಹೋಗಿದ್ದರು, ಎಂಟನೇ ಸುತ್ತಿನ ಬಾಗಿಲೂ ಸಿಕ್ಕಿತ್ತು. ಖುಷಿಯಾಯಿತು.

“ತೆಗ್ದೆ ಕಣೋ. ಈಗ ಹಾಕೋದು ಎಲ್ಲಿ?”

“ಹಾಕೋದಾ? ಕಥೆ ಮುಗೀತಲ್ಲ ಚಿಕ್ಕಮ್ಮ.”

“ಮುಗಿದ್ರೆ? ಕೋಟೆ ಬಾಗ್ಲು ತೆಗ್ದು ಹಾರು ಹೊಡೆದು ಬಿಟ್ಟು ಬರ್ತಾರೇನೋ ಯಾರಾದ್ರೂ?”

ಕಂಪ್ಯೂಟರ್ ಮತ್ತೆ ಆನ್ ಮಾಡಿದೆ. 71ನೇ ದೃಶ್ಯದ ಹೆಸರು ‘ಬಾಗಿಲು ಹಾಕು’. ಒಳಗೆ ಇನ್ನೂ ಏನೂ ಬರೆದಿಲ್ಲ.